ಮಾಮಾನ ನುಡಿ, ಅಣ್ಣನ ಉಬುಂಟು

ರೋಣದಲ್ಲಿ ನಮ್ಮ ಮನೆ, ನರಗುಂದದಲ್ಲಿ ಸೋದರಮಾವನ ಮನೆ, ಗಜೇಂದ್ರಗಡದಲ್ಲಿ ದೊಡ್ಡಪ್ಪನ ಮನೆ. 2008ರ ಹೊತ್ತಿಗೆ ಮೂರೂ ಮನೆಗಳಿಗೆ ಕಂಪ್ಯೂಟರ್ ಬಂದಿತ್ತು. ಹೊರಗಿನಿಂದ ನೋಡಿದರೆ ಮೂರೂ ಒಂದೇ. ಸಿಪಿಯು ಡಬ್ಬಿ, ಹಿಂದೆ ಉಬ್ಬಿದ ಮಾನಿಟರ್, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ, ಕರೆಂಟ್ ಹೋದಾಗಲೆಲ್ಲ ಕುಂಯ್‌ಗುಡುವ ಯುಪಿಎಸ್. ಮೂರನ್ನೂ ಹುಬ್ಬಳ್ಳಿಯಲ್ಲಿ ಬಿಡಿಭಾಗ ಜೋಡಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ತಂದಿದ್ದರು. ಗುಂಡಿ ಒತ್ತಿ ಒಳಗೆ ಹೋದರೆ ಮಾತ್ರ ಮೂರು ಬೇರೆ ಬೇರೆ ಸಂಸಾರ.

ಮಾಮಾನದು ವಿಂಡೋಸ್ ಎಕ್ಸ್‌ಪಿ, ಅದರೊಳಗೆ ನುಡಿ. ನಮ್ಮದೂ ಎಕ್ಸ್‌ಪಿಯೇ, ಆದರೆ ಬರಹ. ದೊಡ್ಡಪ್ಪನ ಮಗ, ನಮ್ಮಣ್ಣ, ಇವೆರಡನ್ನೂ ಬಿಟ್ಟು ಉಬುಂಟು ಹಾಕಿಕೊಂಡಿದ್ದ. ಆ ಕಾಲದಲ್ಲಿ ಉಬುಂಟುವಿನವರು ವಿಳಾಸ ಬರೆದು ಕೇಳಿದವರಿಗೆ ಜಗತ್ತಿನ ಯಾವ ಮೂಲೆಗಾದರೂ ಸಿಡಿಯನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. 2011ರಲ್ಲಿ ಆ ಪದ್ಧತಿ ನಿಂತಿತು. ಗಜೇಂದ್ರಗಡದ ನೇಕಾರರ ಓಣಿಗೆ ಪರದೇಶದಿಂದ ಬಂದ ಲಕೋಟೆಯನ್ನು ಪೋಸ್ಟ್‌ಮನ್ ಮೊದಲು ದೊಡ್ಡಪ್ಪನ ಕೈಗೆ ಕೊಟ್ಟು, ಅದರಲ್ಲಿ ಏನಿದೆ ಎಂದು ನೋಡಿಯೇ ಹೋದನಂತೆ.

ಆ ಸಿಡಿಯ ಒಂದು ಗುಣ ನನಗೆ ಬಹಳ ಹಿಡಿಸಿತ್ತು. ಕಂಪ್ಯೂಟರಿನಲ್ಲಿ ಏನನ್ನೂ ಅಳಿಸದೆ, ಏನನ್ನೂ ಕೂಡಿಸದೆ, ಸಿಡಿಯಿಂದಲೇ ಇಡೀ ವ್ಯವಸ್ಥೆ ಎದ್ದು ನಿಲ್ಲುತ್ತಿತ್ತು. ಸಿಡಿ ಹೊರಗೆ ತೆಗೆದರೆ ಮತ್ತೆ ಹಳೆಯ ಎಕ್ಸ್‌ಪಿ. ಬೀಗರ ಮನೆಗೆ ಬಂದು ಉಂಡು ಹೋದ ಹಾಗೆ. ಆದರೆ ಎಂಪಿ3 ಹಾಡು ಹಾಡುತ್ತಿರಲಿಲ್ಲ. ಪೇಟೆಂಟಿನ ತಕರಾರು ಇದ್ದುದರಿಂದ ಅದಕ್ಕೆ ಬೇಕಾದ ತಂತ್ರಾಂಶವನ್ನು ಸಿಡಿಯಲ್ಲಿ ಇಡುತ್ತಿರಲಿಲ್ಲ, ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕಿತ್ತು. ಮೋಡೆಮ್ಮು ಕಿರುಗುಟ್ಟಿ ಕನೆಕ್ಷನ್ ಸಿಗುವ ನಮ್ಮ ಕಡೆಯಲ್ಲಿ ಅದು ಒಂದು ರಾತ್ರಿಯ ಕೆಲಸ. ಹಾಡೇ ಬಾರದ ಕಂಪ್ಯೂಟರನ್ನು ನಮ್ಮ ಮನೆಯಲ್ಲಿ ಯಾರೂ ಕಂಪ್ಯೂಟರ್ ಎನ್ನುತ್ತಿರಲಿಲ್ಲ.

ಪಂಚಮಿಗೆ ಎಲ್ಲರೂ ಸೇರಿದಾಗ ಉಂಡಿ ತಿನ್ನುತ್ತ ಜಗಳ ಶುರು.

“ನಿನ್ನ ಪುಕ್ಕಟೆ ಸಿಡಿಯೊಳಗ ಕನ್ನಡ ಐತೇನೋ?”

“ಐತ್ರಿ ಮಾಮಾ. ನಿಮ್ಮ ನುಡಿಗಿಂತ ಚಲೋ ಐತಿ.”

“ಹಂಗಂದ್ರ ತಹಶೀಲ್ದಾರ ಆಫೀಸಿನ್ಯಾಗ ಯಾಕ ಇಲ್ಲ?”

ಇದಕ್ಕೆ ಅಣ್ಣನ ಬಳಿ ಉತ್ತರವಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ನುಡಿ, ಡಿಟಿಪಿ ಅಂಗಡಿಯಲ್ಲಿ ನುಡಿ, ಮದುವೆ ಪತ್ರಿಕೆಯಲ್ಲಿ ನುಡಿ. ಇಂಥ ಜಗಳಗಳನ್ನು ಪೇಟೆಯವರು ಪ್ರೊಸೆಸರ್, ಆಟ, ಬಣ್ಣ ಎಂದು ಆಡುತ್ತಾರೆ. ನಮ್ಮ ಕಡೆ ಅದು ಕಡೆಗೆ ಬಂದು ನಿಲ್ಲುತ್ತಿದ್ದುದು ‘ಒತ್ತಕ್ಷರ ಹೆಂಗ ಬರ್ತೈತಿ’ ಎಂಬಲ್ಲಿ.

ಮಾಮಾನ ನಿಷ್ಠೆಗೆ ಕಾರಣವಿತ್ತು. ನುಡಿಯ ಕೀಲಿಮಣೆಗೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸವೇ ಅಡಿಪಾಯ. ಅದರಲ್ಲಿ ‘ಕನ್ನಡ’ ಎಂದು ಬರೆಯಲು ಐದು ಕೀಲಿ ಸಾಕು: ಕೆ, ಎನ್, ಎಫ್, ಎನ್, ಡಬ್ಲ್ಯು. ನಡುವಿನ ಎಫ್ ಎಂಬುದು ಒತ್ತು ಕೊಡುವ ಕೊಂಡಿ. ನಮ್ಮ ಮನೆಯ ಬರಹದಲ್ಲಿ ಅದೇ ಪದಕ್ಕೆ ಇಂಗ್ಲಿಷಿನ ಏಳು ಅಕ್ಷರ, ಜೊತೆಗೆ ದೊಡ್ಡ ಡಿಗಾಗಿ ಶಿಫ್ಟು. ಬರಹದಲ್ಲಿ ಕನ್ನಡವನ್ನು ಮನಸ್ಸಿನಲ್ಲಿ ಮೊದಲು ಇಂಗ್ಲಿಷಿಗೆ ಬಿಡಿಸಿ ಆಮೇಲೆ ಒತ್ತಬೇಕು. ನುಡಿಯಲ್ಲಿ ಅ ಕಲಿತವನು ನೇರ ಕನ್ನಡದಲ್ಲೇ ಯೋಚಿಸುತ್ತಾನೆ. ಇದು ನನ್ನ ಅಭಿಪ್ರಾಯ, ಬರಹ ಬಳಸುವವರು ಸಿಟ್ಟಾಗಬಾರದು. ಐವತ್ತು ದಾಟಿ ಟೈಪಿಂಗ್ ಕಲಿತ ಮಾಮಾನಿಗೆ ಆ ಐದು ಕೀಲಿ ಸೈಕಲ್ ಹೊಡೆದಷ್ಟು ಸಲೀಸಾಗಿತ್ತು.

ಮಾಮಾ ಶಾಲಾ ಮಾಸ್ತರ. ನರಗುಂದ ಎಂದರೆ ಪುಸ್ತಕದವರಿಗೆ 1858ರ ಬಾಬಾಸಾಹೇಬರ ಬಂಡಾಯ. ಮಾಮಾನಿಗೆ 1980ರ ಜುಲೈ 21. ಮಲಪ್ರಭಾ ಕಾಲುವೆಯ ನೀರಿಗೂ ಭೂಮಿಗೂ ಹಾಕಿದ ಕರದ ವಿರುದ್ಧ ರೈತರು ಎದ್ದ ದಿನ. ಗೋಲಿಬಾರು ಆಯಿತು, ಜೀವ ಹೋದವು, ನಾಡಿನಾದ್ಯಂತ ಚಳವಳಿ ಹಬ್ಬಿತು. ಆ ದಿನ ಅಲ್ಲಿದ್ದ ಮುದುಕರನ್ನು ಹುಡುಕಿಕೊಂಡು ಮಾಮಾ ರವಿವಾರಕ್ಕೊಂದು ಹಳ್ಳಿಗೆ ಸೈಕಲ್ ತುಳಿಯುತ್ತಿದ್ದ. ಅವರ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು ರಾತ್ರಿ ನುಡಿಯಲ್ಲಿ ಟೈಪು. ‘ಅಂದಿದ್ದನ್ನ ಅಂದಂಗ ಬರೀಬೇಕು’ ಎಂಬ ಹಟ, ಗ್ರಂಥಸ್ಥ ಭಾಷೆಗೆ ತಿದ್ದುತ್ತಿರಲಿಲ್ಲ. ಟೈಪಾದ ಮೇಲೆ ನೋಟ್‌ಬುಕ್ಕುಗಳು ಅಟ್ಟ ಸೇರಿದವು. ಅಟ್ಟದಲ್ಲಿ ಗೆದ್ದಲಿತ್ತು.

2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಗೆ ಬೆಂಬಲ ನಿಂತ ಸುದ್ದಿ ಬಂತು. ಮಾಮಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮಳೆಗಾಲ ಒಂದು ರಾತ್ರಿ ಕರೆಂಟ್ ಮೂರು ಸಲ ಹೋಗಿ ಬಂದು, ಬೆಳಿಗ್ಗೆ ನೋಡಿದರೆ ಕಂಪ್ಯೂಟರ್ ಏಳಲೇ ಇಲ್ಲ. ಫೋನಿನಲ್ಲಿ ಮಾಮಾನ ದನಿ ಕೇಳಿ ಅಣ್ಣ ಮೊದಲ ಬಸ್ಸಿಗೇ ಹೊರಟ, ರೋಣದಲ್ಲಿ ನಾನೂ ಹತ್ತಿಕೊಂಡೆ. ಅವನ ಚೀಲದಲ್ಲಿ ಅದೇ ಉಬುಂಟು ಸಿಡಿ. ಹಾಕಿದ, ಅದು ಎದ್ದಿತು, ಡಿಸ್ಕಿನ ಒಳಗಿನ ಫೋಲ್ಡರುಗಳು ಒಂದೊಂದಾಗಿ ಕಂಡವು. ಮುದುಕರೆಲ್ಲ ಅಲ್ಲೇ ಇದ್ದರು. ಪೆನ್‌ಡ್ರೈವಿಗೆ ಇಳಿಸಿಕೊಂಡ.

ಒಂದು ಕಡತ ತೆರೆದ. ಮಾಮಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, “ಇದೇನಲೇ ಇದು?” ಎಂದ.

ಪರದೆಯ ತುಂಬ ಕೊಂಬು, ಟೋಪಿ ಹೊತ್ತ ರೋಮನ್ ಅಕ್ಷರಗಳು. ‘ನ’ ಇರಬೇಕಾದಲ್ಲೆಲ್ಲ ಬ್ರಿಟಿಷ್ ಪೌಂಡಿನ ಗುರುತು. ನರಗುಂದದ ಮೊದಲ ಅಕ್ಷರವೇ ಪೌಂಡು! ಬಾಬಾಸಾಹೇಬರು ನೋಡಿದ್ದರೆ ಏನನ್ನುತ್ತಿದ್ದರೋ. ಹಳೆಯ ನುಡಿಯಲ್ಲಿ ಕಡತದೊಳಗೆ ಕನ್ನಡ ಇರುತ್ತಿರಲಿಲ್ಲ. ಇರುತ್ತಿದ್ದುದು ಇಂಗ್ಲಿಷಿನ ಸಂಕೇತಗಳೇ. ಅವುಗಳ ಮೇಲೆ ನುಡಿ ಫಾಂಟು ಕನ್ನಡದ ಚೂರುಗಳನ್ನು ಹೊದಿಸುತ್ತಿತ್ತು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಹೊದಿಕೆ ಜಾರಿ ಬೀಳುತ್ತಿತ್ತು. ಯುನಿಕೋಡಿನಲ್ಲಿ ಹಾಗಲ್ಲ, 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಓಣಿ ಸಿಕ್ಕಿತ್ತು. ಅಣ್ಣ ವರ್ಷಾನುಗಟ್ಟಲೆ ವಾದಿಸುತ್ತಿದ್ದುದು ಇದನ್ನೇ. ಅವತ್ತು ಮಾತ್ರ ಒಂದೂ ಮಾತು ಆಡದೆ, ನುಡಿ ಫಾಂಟನ್ನು ಉಬುಂಟುವಿಗೆ ಹಾಕಿ ಅಕ್ಷರ ಕಾಣುವಂತೆ ಮಾಡಿ, ಚಾ ಕುಡಿಯಲು ಹೊರಗೆ ಹೋದ.

ಅಷ್ಟಕ್ಕೆ ಅಣ್ಣನ ಪಕ್ಷ ಗೆದ್ದಿತು ಎನ್ನುವಂತಿಲ್ಲ. ಪುಸ್ತಕ ಮಾಡೋಣವೆಂದು ಒಂದು ಮುದ್ರಣಾಲಯಕ್ಕೆ ಹೋದರೆ ಅವರು ಯುನಿಕೋಡು ಬೇಡವೇ ಬೇಡ, ನುಡಿಯಲ್ಲೇ ಕೊಡಿ ಎಂದರು. ಅವರ ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ ಗೊತ್ತಿರಲಿಲ್ಲ. ಮಾಮಾ ಅಣ್ಣನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ.

ಆದರೂ ಪರಿವರ್ತಿಸಿಯೇ ಇಡಬೇಕು ಎಂದು ನಾನು ಹಟ ಹಿಡಿದೆ. ಕಾಗದದ ಪುಸ್ತಕ ಐನೂರು ಪ್ರತಿ ಆದೀತು. ಆದರೆ ಯಾರೋ ಒಬ್ಬಳು ಹುಡುಗಿ ತನ್ನ ಮುತ್ತಜ್ಜನ ಹಳ್ಳಿಯ ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಪೌಂಡಿನ ಗುರುತಿನೊಳಗೆ ಅದು ಸಿಗುವುದಿಲ್ಲ. ಪರಿವರ್ತಕ ತಂತ್ರಾಂಶ ಮುಕ್ಕಾಲು ಕೆಲಸ ಮಾಡಿತು, ಉಳಿದ ಕಾಲು ಭಾಗ ನಮ್ಮ ಕಣ್ಣು ತಿಂದಿತು. ನುಡಿಯಲ್ಲಿ ಅರ್ಕಾವತ್ತು ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದಂತೆ ಮುಂಚೆ ಬರಬೇಕು. ‘ವರ್ಷ’, ‘ಖರ್ಚು’, ‘ಸರ್ಕಾರ’ ಎಂಬಲ್ಲೆಲ್ಲ ನಿಂತು ನೋಡಬೇಕು. ಮಾಮಾ ಅಲ್ಲಲ್ಲಿ ಇಂಗ್ಲಿಷಿನಲ್ಲೇ ಬರೆದಿದ್ದ ‘ಬೆಟರ್‌ಮೆಂಟ್ ಲೆವಿ’ಯನ್ನು ತಂತ್ರಾಂಶ ಕನ್ನಡವೆಂದೇ ತಿಳಿದು ಒಡೆದು ಹಾಕಿತ್ತು. ಎಲ್ಲದರ ಜಡ ಆ ಕರ, ಅದರ ಹೆಸರೇ ಪ್ರತಿ ಪುಟದಲ್ಲೂ ಓದಲಾಗದ ಅಕ್ಷರಗಳ ಗುಡ್ಡೆ. ಅಟ್ಟದ ನೋಟ್‌ಬುಕ್ಕು ತಂದು ತಾಳೆ ನೋಡೋಣವೆಂದರೆ ಅವುಗಳಲ್ಲಿ ಅರ್ಧ ಮಣ್ಣಾಗಿದ್ದವು. ಮಾಮಾನ ನೆನಪೇ ಆಧಾರ. ನಾನು ಓದುವುದು, ಮಾಮಾ ಕಣ್ಣು ಮುಚ್ಚಿ ಕೇಳುವುದು. “ಹಂಗ ಅಂದಿಲ್ಲ ಆ ಮುದುಕ, ‘ನೀರ ಬರಲಾರದ ಹೊಲಕ್ಕ’ ಅಂದಾನ,” ಎಂದು ತಿದ್ದುವುದು.

ನನ್ನನ್ನು ಕೇಳಿದರೆ, ಬೆರಳಿಗೆ ನುಡಿ, ಕಡತಕ್ಕೆ ಯುನಿಕೋಡ್. ಎರಡೂ ಒಂದೇ ಮನೆಯಲ್ಲಿ ಇರಬಹುದೆಂದು ಆ ಮುಂದೆ ತಿಳಿಯಿತು. ಅಣ್ಣ ಮಾಮಾನಿಗೆ ಹಳೆಯ ಲ್ಯಾಪ್‌ಟಾಪೊಂದನ್ನು ಸಿದ್ಧ ಮಾಡಿಕೊಟ್ಟ, ಒಳಗೆ ಉಬುಂಟು. ಮಾಮಾ ಮುಟ್ಟಲು ಒಪ್ಪಲಿಲ್ಲ, ಟೇಬಲ್ಲಿನ ಮೇಲೆ ವಾರಗಟ್ಟಲೆ ಮುಚ್ಚಿಯೇ ಇತ್ತು. ಲಿನಕ್ಸಿನಲ್ಲಿ ಕನ್ನಡ ಗಣಕ ಪರಿಷತ್ತಿನ ಕೀಲಿವಿನ್ಯಾಸವೂ ಸಿಗುತ್ತದೆ. ಅಣ್ಣ ಅದನ್ನು ಆರಿಸಿಟ್ಟು, ಏನೂ ಹೇಳದೆ ಪರದೆ ತೆರೆದು ಪಕ್ಕಕ್ಕೆ ಸರಿದ. ಮಾಮಾ ಕೆ ಒತ್ತಿದ, ಎನ್ ಒತ್ತಿದ, ಎಫ್ ಒತ್ತಿದ. ನಕಾರಕ್ಕೆ ಒತ್ತು ಬಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಒಂದೇ ಉಸಿರಿಗೆ ನಾಲ್ಕು ಸಾಲು ಟೈಪು ಮಾಡಿ, ಅಣ್ಣನಿಗೆ ಕೇಳಿದ:

“ಇದರಾಗ ಪ್ರಿಂಟ್ ಹೆಂಗ ತಗೀತಾರ?”