ತಿಥಿ ನೋಡಿ ದ್ವೀಪಕ್ಕೆ

ಅಂಡಮಾನಿಗೆ ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ತಿಂಗಳು ಹೇಳುವುದಿಲ್ಲ, ತಿಥಿ ಹೇಳುತ್ತೇನೆ. ಕೇಳಿದವರು ಒಂದು ಗಳಿಗೆ ಸುಮ್ಮನೆ ನನ್ನ ಮುಖ ನೋಡುತ್ತಾರೆ. ಮುಂಜಿಯಲ್ಲ, ಗೃಹಪ್ರವೇಶವಲ್ಲ, ಹನಿಮೂನಿಗೆ ಹೊರಟವರಿಗೆ ಬಿದಿಗೆ, ತದಿಗೆ ಎಂದರೆ ಇನ್ನೇನು ಮಾಡಿಯಾರು? ತಿಂಗಳ ವಿಚಾರ ಯಾರು ಬೇಕಾದರೂ ಹೇಳಬಹುದು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಸಮುದ್ರ ಸಾಧು. ಮೇ ಮೂರನೆಯ ವಾರದ ಹೊತ್ತಿಗೆ ನಮಗಿಂತ ಮೊದಲು ಅಲ್ಲಿಗೆ ಮುಂಗಾರು ಕಾಲಿಡುತ್ತದೆ, ಆಮೇಲೆ ದೋಣಿ ಬಿಡುವುದೂ ಬಿಡದಿರುವುದೂ ಗಾಳಿಯ ಮರ್ಜಿ. ಇಷ್ಟು ಸಾಕು. ಆ ಐದು ತಿಂಗಳಲ್ಲಿ ಯಾವ ದಿನ ಎನ್ನುವುದನ್ನು ಮಾತ್ರ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರನ್ನೇ ಕೇಳಬೇಕು.

ಪ್ರವಾಸದ ಜಾಹೀರಾತುಗಳಲ್ಲಿ ಸಮುದ್ರ ಯಾವಾಗಲೂ ತುಂಬಿರುತ್ತದೆ. ಬಾಗಿದ ತೆಂಗಿನ ಬುಡದವರೆಗೆ ನೀಲಿ ನೀರು, ಅದರ ಮೇಲೊಂದು ಖಾಲಿ ಉಯ್ಯಾಲೆ. ಚಿತ್ರ ಸುಳ್ಳಲ್ಲ, ಅರ್ಧ ದಿನದ ಸತ್ಯ. ಉಳಿದರ್ಧ ದಿನ ಅದೇ ನೀರು ದೂರ ಸರಿದು ಕಲ್ಲು, ಕೆಸರು, ಪಾಚಿ, ಮುರಿದ ಹವಳದ ಚೂರುಗಳನ್ನೆಲ್ಲ ಬಿಸಿಲಿಗೆ ಬಿಟ್ಟಿರುತ್ತದೆ. ಹ್ಯಾವ್‌ಲಾಕ್ ದ್ವೀಪದ ಪೂರ್ವದಂಡೆಯ ಗೋವಿಂದನಗರ, ವಿಜಯನಗರಗಳ ಕಡೆ ಇಳಿತದ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೋಣೆಯಿಂದ ಹೊರಬಂದವರು ಹೋಟೆಲಿನ ಹುಡುಗನನ್ನು ಕರೆದು, "ಸಮುದ್ರ ಎಲ್ಲಪ್ಪಾ?" ಎಂದು ಜಬರಿಸುವುದನ್ನು ಕೇಳಿದ್ದೇನೆ. ಕೊಟ್ಟ ದುಡ್ಡಿಗೆ ಸಮುದ್ರವೂ ಸೇರಿತ್ತಲ್ಲವೇ ಎಂಬ ಧಾಟಿ. ನನ್ನ ಹುಚ್ಚು ಇದಕ್ಕೆ ತಿರುವುಮುರುವು. ನೀರು ಸರಿದ ಆ ಬಯಲಲ್ಲಿ ಪ್ಯಾಂಟು ಮಡಚಿಕೊಂಡು ಎರಡು ಗಂಟೆ ಅಲೆಯುವುದಕ್ಕಾಗಿಯೇ ನಾನು ದ್ವೀಪಕ್ಕೆ ಹೋಗುವುದು. ಡೈವಿಂಗ್ ಸರಿ, ಗಾಜಿನ ತಳದ ದೋಣಿ ಸರಿ, ಆದರೆ ಉಸಿರು ಕಟ್ಟಿಕೊಳ್ಳದೆ, ಯಾರಿಗೂ ಅವಸರವಿಲ್ಲದೆ ಸಮುದ್ರದ ಒಳಮನೆ ನೋಡಲು ಸಿಗುವುದು ಇಳಿತದಲ್ಲೇ.

ಈ ರುಚಿ ಹತ್ತಿದ್ದು ನಮ್ಮ ಅಘನಾಶಿನಿಯ ಅಳಿವೆಯಲ್ಲಿ. ಕುಮಟಾ ಕಡೆಯ ಹೆಂಗಸರು ನೀರಿಳಿಯುವ ಹೊತ್ತು ನೋಡಿ ಬುಟ್ಟಿ ಹಿಡಿದು ಹೊಳೆಗಿಳಿದು ಬೆಳಚಿನ ಚಿಪ್ಪು ಹೆಕ್ಕುತ್ತಾರೆ. ಅವರಿಗೆ ಗಡಿಯಾರ ಬೇಕಿಲ್ಲ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಸೂರ್ಯ ಚಂದ್ರರು ಒಂದೇ ಗೆರೆಯಲ್ಲಿ ನಿಂತು ಎಳೆಯುವುದರಿಂದ ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಅಷ್ಟಮಿಯ ಹೊತ್ತಿಗೆ ಒಬ್ಬರು ಒಂದು ಕಡೆ, ಇನ್ನೊಬ್ಬರು ಅಡ್ಡಕ್ಕೆ. ನೀರು ಅರೆಮನಸ್ಸಿನಿಂದ ಏರಿ ಅರೆಮನಸ್ಸಿನಿಂದ ಇಳಿಯುತ್ತದೆ. ದಿನಕ್ಕೆರಡು ಉಬ್ಬರ, ಎರಡು ಇಳಿತ. ಇವತ್ತಿಗಿಂತ ನಾಳೆ ಸುಮಾರು ಐವತ್ತು ನಿಮಿಷ ತಡ. ಲೆಕ್ಕ ಇಷ್ಟೇ. ಭಾರತೀಯ ಸರ್ವೇಕ್ಷಣ ಇಲಾಖೆ ವರ್ಷ ವರ್ಷ ಉಬ್ಬರವಿಳಿತದ ಪಟ್ಟಿಯನ್ನೇ ಅಚ್ಚು ಹಾಕುತ್ತದೆ, ಈಗ ಮೊಬೈಲಿನಲ್ಲೂ ಸಿಗುತ್ತದೆ. ಆದರೂ ಕ್ಯಾಲೆಂಡರಿನ ತಿಥಿಯ ಮೇಲೆ ಬೆರಳಿಟ್ಟು, ಇಂಥ ದಿನ ಇಂಥ ಹೊತ್ತಿಗೆ ನೀರಿಳಿಯಬೇಕು ಎಂದು ಬೆಂಗಳೂರಿನಲ್ಲಿ ಕೂತು ಅಂದಾಜು ಮಾಡಿ, ಆಮೇಲೆ ಪಟ್ಟಿಯೊಡನೆ ತಾಳೆ ನೋಡುವ ಸುಖವೇ ಬೇರೆ. ಪ್ರಯಾಣದ ಅರ್ಧ ಮಜಾ ನನಗೆ ವಿಮಾನ ಹತ್ತುವ ಮೊದಲೇ ಮುಗಿದಿರುತ್ತದೆ.

ಅಂಡಮಾನಿನಲ್ಲಿ ಲೆಕ್ಕಕ್ಕೆ ಇನ್ನೊಂದು ತೊಡಕು, ಅಲ್ಲಿನ ಹಗಲು. ನಮ್ಮ ದೇಶದ ಗಡಿಯಾರ ನಡೆಯುವ ರೇಖಾಂಶಕ್ಕಿಂತ ಪೋರ್ಟ್ ಬ್ಲೇರ್ ಹತ್ತು ಡಿಗ್ರಿ ಪೂರ್ವಕ್ಕಿದೆ. (2024ರಿಂದ ಅದರ ಹೆಸರು ಶ್ರೀವಿಜಯಪುರಂ. ಆಟೋದವರಿಗೆ ಎರಡೂ ಅರ್ಥವಾಗುತ್ತದೆ.) ಊರಿಗೆ ಊರೇ ಸೂರ್ಯನಿಗಿಂತ ನಲವತ್ತು ನಿಮಿಷ ಹಿಂದಿನ ಗಡಿಯಾರ ಕಟ್ಟಿಕೊಂಡು ಬದುಕುತ್ತಿದೆ. ನವೆಂಬರಿನಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಐದೂಕಾಲಿಗೆ ಹಾಜರು. ಎಂಟಕ್ಕೆ ಎದ್ದು, ಹತ್ತಕ್ಕೆ ತಿಂಡಿ ಮುಗಿಸಿ, ಮಧ್ಯಾಹ್ನ ನಿದ್ದೆ ಹೊಡೆದು, ಸಂಜೆ ಬೀಚಿಗೆ ಹೋಗೋಣ ಎನ್ನುವ ಬೆಂಗಳೂರಿಗರಿಗೆ ಅಲ್ಲಿ ಕತ್ತಲೆಯೇ ಗತಿ. ಇಳಿತವೂ ಹಗಲಿನಲ್ಲೇ ಬೀಳಬೇಕು, ಆಳವಾಗಿಯೂ ಇಳಿಯಬೇಕು ಎಂದರೆ ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಬಿದಿಗೆ, ತದಿಗೆ, ಚೌತಿ ನನ್ನ ಕೈ ಹಿಡಿದಿವೆ. ನೀರಿನ ಸೊಕ್ಕು ಇನ್ನೂ ಇಳಿದಿರುವುದಿಲ್ಲ, ಬೆಳಗಿನ ಇಳಿತ ಬೆಳಕು ಹರಿದ ಮೇಲೆ ಬರುತ್ತದೆ.

ನೀಲ್ ದ್ವೀಪಕ್ಕೆ ಈ ಲೆಕ್ಕ ಹೇಳಿ ಮಾಡಿಸಿದಂತಿದೆ. 2018ರ ಕೊನೆಯಲ್ಲಿ ಅದು ಶಹೀದ್ ದ್ವೀಪವಾಯಿತು, ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳು ನೆಲೆ ನಿಂತ ದ್ವೀಪಗಳಿವು. ನೀಲ್‌ನಲ್ಲಿ ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ; ಹ್ಯಾವ್‌ಲಾಕಿನಲ್ಲಿ ರಾಧಾನಗರ, ಗೋವಿಂದನಗರ, ಕೃಷ್ಣನಗರ. ಒಂದು ದ್ವೀಪಕ್ಕೆ ರಾಮಾಯಣ, ಇನ್ನೊಂದಕ್ಕೆ ಭಾಗವತ ಎಂದು ಹಂಚಿಕೊಂಡಂತಿದೆ. ಪೋರ್ಟ್ ಬ್ಲೇರಿನಿಂದ ಸರ್ಕಾರಿ ಹಡಗಿನಲ್ಲಿ ಸುಮಾರು ಎರಡು ಗಂಟೆ. ಖಾಸಗಿ ದೋಣಿಗಳು ಬೇಗ ಮುಟ್ಟಿಸುತ್ತವೆ, ಆದರೆ ಗಾಜು ಮುಚ್ಚಿ ಎಸಿ ಹಾಕಿ ಸಿನಿಮಾ ತೋರಿಸುತ್ತವೆ. ಸಮುದ್ರದ ಮೇಲೆ ಕೂತು ಸಿನಿಮಾ ನೋಡುವ ಕರ್ಮ ನನಗೆ ಬೇಡ. ಸರ್ಕಾರಿ ಹಡಗಿನ ಮೇಲಟ್ಟದಲ್ಲಿ ನಿಂತರೆ ಹಾರುಮೀನಾದರೂ ಕಣ್ಣಿಗೆ ಬಿದ್ದೀತು.

ಲಕ್ಷ್ಮಣಪುರದ ಎರಡನೆಯ ದಂಡೆಯಲ್ಲಿ ಬಂಡೆ ಕೊರೆದು ಆದ ಕಮಾನೊಂದಿದೆ. ಬಂಗಾಳಿಗಳು ಅದಕ್ಕೆ ಹೌರಾ ಬ್ರಿಜ್ ಎಂದು ಹೆಸರಿಟ್ಟುಕೊಂಡಿದ್ದರು. ಬಂದವರೆಲ್ಲ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಹೊರಟುಹೋಗುತ್ತಾರೆ. ಕಮಾನು ಎಲ್ಲಿಗೂ ಓಡಿಹೋಗುವುದಿಲ್ಲ. ಅದರ ಬುಡದಲ್ಲಿ, ಮೊಣಕಾಲಿಗಿಂತ ತಗ್ಗಿನ ಕುಳಿಗಳಲ್ಲಿ ನಿಂತ ನೀರು ಮಾತ್ರ ಎರಡು ಗಂಟೆಯಲ್ಲಿ ಮತ್ತೆ ಸಮುದ್ರದ ಪಾಲು. ಇಲ್ಲಿ ಊರಿನ ಮಾರ್ಗದರ್ಶಿಗಳು ಸಿಗುತ್ತಾರೆ. ಚೌಕಾಸಿ ಮಾಡದೆ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನಾವು ಹತ್ತು ನಿಮಿಷ ದಿಟ್ಟಿಸಿದರೂ ಬರೀ ಕಲ್ಲಾಗಿದ್ದದ್ದು ಅವರು ಬೆರಳು ತೋರಿಸಿದೊಡನೆ ಕಣ್ಣು ಬಿಡುತ್ತದೆ.

ಅಂಥ ಒಂದು ಕುಳಿಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ ಅನ್ನಿ. ಮೊದಲು ಕಾಣುವುದು ನಮ್ಮದೇ ಮುಖ. ಸ್ವಲ್ಪ ಓರೆಯಾದರೆ ತಳ. ಕಪ್ಪು ಕೊಳವೆಯಂಥ ಸಮುದ್ರ ಸೌತೆ ಮರಳು ನುಂಗುತ್ತಾ, ಅದರಲ್ಲಿನ ಸತ್ವವನ್ನಷ್ಟೇ ಉಳಿಸಿಕೊಂಡು, ತೊಳೆದ ಮರಳನ್ನು ಹಿಂದೆ ಬಿಡುತ್ತಾ ಬಿದ್ದಿರುತ್ತದೆ. ಕಲ್ಲಿನ ಸಂದಿಯಿಂದ ಬಳುಕುತಾರೆಯ (ಬ್ರಿಟಲ್ ಸ್ಟಾರ್) ಒಂದು ತೋಳು ಹೊರಚಾಚಿ ಏನೋ ತಡಕುತ್ತದೆ. ಹವಳಕ್ಕಂಟಿಕೊಂಡ ದೈತ್ಯ ಚಿಪ್ಪೊಂದು ಬಾಯಿ ತೆರೆದಿದ್ದರೆ ಆ ದಿನದ ಭಾಗ್ಯ: ಅದರ ತುಟಿ ಜರಿಸೀರೆಯ ನೆರಿಗೆಯಂತೆ ಅಂಕುಡೊಂಕು, ನೀಲಿ, ಹಸಿರು, ನಡುನಡುವೆ ಕಂದು ಚುಕ್ಕೆ. ಆ ಬಣ್ಣದ ಮಾಂಸದೊಳಗೆ ಸೂಕ್ಷ್ಮ ಪಾಚಿಗಳು ಬಾಡಿಗೆಗಿವೆ; ಬಿಸಿಲಿನಲ್ಲಿ ಅಡುಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತವೆ. ತುಟಿಯಂಚಿನಲ್ಲಿ ನೂರಾರು ಪುಟ್ಟ ಕಣ್ಣುಗಳು. ಕೈಯ ನೆರಳು ಮೇಲೆ ಸುಳಿಯಿತೋ, ಚಿಪ್ಪು ಹೌಹಾರಿ ಮುಚ್ಚಿಕೊಂಡು ಪಿಚಕ್ಕನೆ ನೀರು ಚಿಮ್ಮಿಸುತ್ತದೆ. ಅಲುಗಾಡದೆ ಕಾದರೆ ಮತ್ತೆ ನಿಧಾನವಾಗಿ, ಬಿಗುಮಾನದಿಂದ ತೆರೆಯುತ್ತದೆ. ಸುತ್ತ ಚಟ್, ಚಟ್ ಎಂದು ಯಾರೋ ಬೆರಳು ನೆಟಿಕೆ ಮುರಿಯುವ ಸದ್ದು. ಬೆರಳುದ್ದದ ಸಿಗಡಿಯೊಂದು ತನ್ನ ದೊಡ್ಡ ಕೊಂಡಿಯನ್ನು ಥಟ್ಟನೆ ಮುಚ್ಚಿದಾಗ ಏಳುವ ಗುಳ್ಳೆ ಒಡೆಯುವ ಸದ್ದದು. ಸಿಗಡಿಯನ್ನು ಹುಡುಕಿ ಹುಡುಕಿ ಸೋತಿದ್ದೇನೆ, ಸದ್ದಿಗೆ ಮಾತ್ರ ಬರವಿಲ್ಲ.

ನಡೆಯುವ ರೀತಿಯ ಬಗ್ಗೆ ಎರಡು ಮಾತು. ಹವಾಯಿ ಚಪ್ಪಲಿ ಕೆಸರಿನ ಪಾಲಾಗುತ್ತದೆ, ಬರಿಗಾಲು ಹವಳದ ಅಲಗಿಗೆ; ಹಿಮ್ಮಡಿ ಕಟ್ಟಿಕೊಳ್ಳುವ ಹಳೆಯ ರಬ್ಬರ್ ಸ್ಯಾಂಡಲ್ ಸಾಕು. ಮರಳಿನ ಮೇಲೆ, ಬೋಳುಕಲ್ಲಿನ ಮೇಲೆ ಹೆಜ್ಜೆಯಿಡಿ. ಬಣ್ಣವಿರುವುದರ ಮೇಲೆ ಬೇಡ, ಅದು ಬದುಕಿದೆ. 1998ರಲ್ಲೂ 2010ರಲ್ಲೂ ನೀರು ಕಾದು ಇಲ್ಲಿನ ಹವಳ ಬೆಳ್ಳಗೆ ಬಿಳಿಚಿಕೊಂಡಿತ್ತು. ಚೇತರಿಸಿಕೊಳ್ಳುತ್ತಿರುವ ರೋಗಿಯ ಎದೆಯ ಮೇಲೆ ಕಾಲಿಡಬಾರದು. ಸಮುದ್ರ ಸೌತೆಯನ್ನು ಎತ್ತಿ ಸೆಲ್ಫಿ ತೆಗೆಯುವವರಿಗೆ ನಾನು ಮುಲಾಜಿಲ್ಲದೆ ಬೈಯುತ್ತೇನೆ. ದಂಡೆಯಲ್ಲಿ ಬಿದ್ದ ಖಾಲಿ ಶಂಖ, ಹವಳದ ತುಂಡು ಕೂಡ ಜೇಬಿಗೆ ಬೇಡ. ಹವಳಕ್ಕೂ ದೈತ್ಯ ಚಿಪ್ಪಿಗೂ ವನ್ಯಜೀವಿ ಕಾನೂನಿನ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಚೀಲ ಜಾಲಾಡುತ್ತಾರೆ. ಕಾನೂನಿರಲಿ, ಸನ್ಯಾಸಿ ಏಡಿಗೆ ಆ ಖಾಲಿ ಶಂಖವೇ ಮನೆ. ಶಂಖ ಸಿಗದೆ ಬಾಟಲಿಯ ಮುಚ್ಚಳ ಹೊತ್ತು ಓಡಾಡುವ ಏಡಿಯನ್ನು ಒಮ್ಮೆ ನೋಡಿದವರು ಶಂಖಕ್ಕೆ ಕೈ ಹಾಕಲಾರರು.

ಉಳಿದ ಜಾಗಗಳನ್ನು ಓಡುತ್ತಾ ಹೇಳಿಬಿಡುತ್ತೇನೆ. ರಾಧಾನಗರದ ದಂಡೆ ಬರೀ ಮರಳು, ಯಾವ ತಿಥಿಯಾದರೂ ಚೆಂದ. ಸೂರ್ಯಾಸ್ತಕ್ಕೆ ನಾಲ್ಕಕ್ಕೇ ಹೋಗಿ. ಭರತಪುರದಲ್ಲಿ ಈಜಬೇಕಿದ್ದರೆ ಉಬ್ಬರ ಕಾಯಬೇಕು. ವಂಡೂರಿನಿಂದ ಹೋಗುವ ಜಾಲಿ ಬಾಯ್ 1983ರಲ್ಲಿ ಆದ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ದ್ವೀಪ. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಸೋಮವಾರ ರಜೆ. ಉತ್ತರದ ಡಿಗ್ಲಿಪುರದ ಬಳಿ ರಾಸ್, ಸ್ಮಿತ್ ಎಂಬ ಜೋಡಿ ದ್ವೀಪಗಳ ನಡುವೆ ಇಳಿತದಲ್ಲಿ ಬಿಳಿ ಮರಳಿನ ದಾರಿ ತೆರೆದುಕೊಳ್ಳುತ್ತದೆ. ಆದರೆ ಅಲ್ಲಿಗೆ ಹೋಗುವ ರಸ್ತೆ ಜಾರವಾ ಜನರ ಕಾಡಿನ ನಡುವೆ ಹಾಯುತ್ತದೆ. ಕಾವಲಿನ ವಾಹನದ ಹಿಂದೆ ಸಾಲುಗಟ್ಟಿ, ಯಾರಾದರೂ ಕಾಣುತ್ತಾರೇನೋ ಎಂದು ಕಿಟಕಿಗೆ ಮೂಗೊತ್ತಿಕೊಂಡು ಹೋಗುವ ಆ ಮೆರವಣಿಗೆ ನನಗೆ ಒಗ್ಗುವುದಿಲ್ಲ. ತಡವಾದರೂ ಹಡಗೇ ಮೇಲು. ಕಾಂಡ್ಲಾ ಕಾಡಿನ ತೊರೆಗಳ ಬಾಯಲ್ಲಿ ಮೊಸಳೆಯ ಫಲಕ ಕಂಡರೆ ಅದನ್ನು ನಂಬಿ. ಉಪ್ಪುನೀರಿನ ಮೊಸಳೆಗೆ ಹಾಸ್ಯಪ್ರಜ್ಞೆ ಇಲ್ಲ.

ಇಳಿತ ಪ್ರೀತಿಸುವವನಿಗೆ ಗೊತ್ತಿರಲೇಬೇಕಾದ ಇನ್ನೊಂದು ಸಂಗತಿಯಿದೆ. ಪಟ್ಟಿಯಲ್ಲಿಲ್ಲದ ಹೊತ್ತಿನಲ್ಲಿ, ಅದರಲ್ಲೂ ನೆಲ ನಡುಗಿದ ಮೇಲೆ, ನೀರು ಅತಿಯಾಗಿ ಹಿಂದೆ ಸರಿದರೆ ಚಿಪ್ಪು ನೋಡಲು ಇಳಿಯಬಾರದು, ಎತ್ತರಕ್ಕೆ ಓಡಬೇಕು. 1881ರ ಡಿಸೆಂಬರ್ 31ರಂದು ಕಾರ್ ನಿಕೋಬಾರ್ ಬಳಿ ಭೂಮಿ ಕಂಪಿಸಿ ಎದ್ದ ಅಲೆಗಳನ್ನು ಪೋರ್ಟ್ ಬ್ಲೇರಿನ ಉಬ್ಬರಮಾಪಕ ಆಗಲೇ ಗೆರೆ ಎಳೆದು ತೋರಿಸಿತ್ತು. 2004ರ ಡಿಸೆಂಬರ್ 26ರಂದು ಸುನಾಮಿಯೆಬ್ಬಿಸಿದ ಭೂಕಂಪಕ್ಕೆ ನೆಲದ ಮಟ್ಟವೇ ಬದಲಾಯಿತು. ಉತ್ತರ ಅಂಡಮಾನಿನ ಕೆಲವೆಡೆ ದಂಡೆ ಒಂದು ಮೀಟರಿಗೂ ಹೆಚ್ಚು ಮೇಲೆದ್ದು, ಹವಳದ ಹಾಸುಗಳು ಮತ್ತೆಂದೂ ನೀರು ಕಾಣದೆ ಒಣಗಿದವು. ಪೋರ್ಟ್ ಬ್ಲೇರ್ ಸುತ್ತ ನೆಲ ಹತ್ತಿರಹತ್ತಿರ ಒಂದು ಮೀಟರು ಕುಸಿಯಿತು. ವಂಡೂರಿನ ದಾರಿಯ ಸಿಪ್ಪಿಘಾಟ್‌ನಲ್ಲಿ ಬಸ್ಸಿನಿಂದಲೇ ಕಾಣುತ್ತದೆ: ಗದ್ದೆಯಾಗಿದ್ದಲ್ಲಿ ಉಪ್ಪುನೀರು, ನೀರಿನ ನಡುವೆ ಒಣಗಿ ನಿಂತ ಮರಗಳು. ಅಲ್ಲಿನ ರೈತರಿಗೆ ಉಬ್ಬರ ಬಂದದ್ದು ಆ ಬೆಳಿಗ್ಗೆ; ಇಳಿತ ಬರಲಿಲ್ಲ.

ನೀಲ್‌ನಲ್ಲಿ ಇಳಿತ ಮುಗಿದ ಮೇಲೆ ನನಗೆ ಕೆಲಸವಿಲ್ಲ. ಒಳಗೆಲ್ಲ ತರಕಾರಿ ತೋಟಗಳು. ಪೋರ್ಟ್ ಬ್ಲೇರಿನ ಸಂತೆಗೂ ಇಲ್ಲಿನ ಬದನೆ, ಕುಂಬಳ ಹೋಗುತ್ತದೆ. ಬಾಡಿಗೆ ಸೈಕಲ್ಲಿನಲ್ಲಿ ಒಂದು ಸುತ್ತು ಹೊಡೆದು, ಬಜಾರಿನ ಬಂಗಾಳಿ ಊಟದ ಮನೆಯಲ್ಲಿ ಅನ್ನ, ತೆಳ್ಳಗಿನ ಬೇಳೆ, ಸಾಸಿವೆ ಅರೆದ ಮೀನಿನ ಸಾರು. ನೋಟು ಇಟ್ಟುಕೊಂಡಿರಿ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಇಂಟರ್ನೆಟ್ ಎಷ್ಟೋ ವಾಸಿ, ಆದರೂ ದುಡ್ಡು ಕೊಡುವ ಹೊತ್ತಿಗೆ ಸರಿಯಾಗಿ ಅದು ಕೈಕೊಡುವುದುಂಟು.

ಅಂಥ ಒಂದು ಊಟದ ಹೊತ್ತಿನಲ್ಲಿ ಮರುದಿನದ ಇಳಿತದ ಬಗ್ಗೆ ಮಾರ್ಗದರ್ಶಿ ಹುಡುಗನಿಗೂ ನನಗೂ ವಾದ ಹತ್ತಿತು. ನನ್ನ ಮೊಬೈಲಿನ ಪಟ್ಟಿ ಆರೂಕಾಲು ಎನ್ನುತ್ತಿತ್ತು. ಅದು ಪೋರ್ಟ್ ಬ್ಲೇರಿನ ಲೆಕ್ಕ, ನಮ್ಮ ಬಂಡೆಯ ಲೆಕ್ಕ ಬೇರೆ ಎಂದು ಅವನು. ನೀರು ಪೂರ್ತಿ ಇಳಿಯುವ ತನಕ ಕಾದರೆ ಏನೂ ಸಿಗುವುದಿಲ್ಲ, ಇಳಿಯುತ್ತಿರುವಾಗಲೇ ಅದರ ಬೆನ್ನು ಹತ್ತಿ ಹೋಗಬೇಕು ಎಂದು ಪಾಠವನ್ನೂ ಹೇಳಿದ. ಕೊನೆಗೆ ಐದಕ್ಕೆ ಬಾಗಿಲು ಬಡಿಯುವುದೆಂದು ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ಚಹಾ ಸಿಗುತ್ತದೆಯೇ ಎಂದು ಕೇಳಿದೆ. "ಐದಕ್ಕೆ ಎರಡನೆಯ ಚಹಾ, ದಾದಾ" ಎಂದ.