ಹಿಂಬದಿಯ ಚೀಟಿ

ಊರು ಬಿಟ್ಟು ಪರದೇಶಕ್ಕೆ ಹೊರಡುವಾಗ ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ನಮ್ಮ ಸದಸ್ಯ ಕುಟುಂಬಗಳಿಗೆ ಹೊಸದಲ್ಲ. ಸಂಘದ ಆರೋಗ್ಯ ಶಿಬಿರಕ್ಕೆ ರಕ್ತದೊತ್ತಡ ನೋಡಿಸಿಕೊಳ್ಳಲು ಬಂದವರೂ ತೋಳು ಚಾಚುತ್ತಲೇ, "ಡಾಕ್ಟರೇ, ಮುಂದಿನ ತಿಂಗಳು ತಮ್ಮನ ಸಂಸಾರ ಇಲ್ಲಿಗೆ ಬರುತ್ತಿದೆ. ಮಿಕ್ಸಿ ತರುವುದಕ್ಕೆ ಹೇಳಲೇ?" ಎಂದು ವಿಚಾರಿಸುವುದುಂಟು. ವೈದ್ಯರಾದ ನಮಗೆ ವಿದ್ಯುತ್ತಿನ ವಿದ್ಯೆ ಅಷ್ಟಕ್ಕಷ್ಟೆ. ಆದರೂ ಈ ವಿಷಯದಲ್ಲಿ ಎರಡು ಪಾಠಗಳನ್ನು ಸ್ವಂತ ಖರ್ಚಿನಲ್ಲಿ ಕಲಿತಿದ್ದೇವೆ. ಮೊದಲನೆಯದಕ್ಕೆ ಹಣ ಹೋಯಿತು. ಎರಡನೆಯದಕ್ಕೆ ಹಣಕ್ಕಿಂತ ದೊಡ್ಡದು ಹೋಗುವುದರಲ್ಲಿತ್ತು.

ಮೈಸೂರಿನಿಂದ ಒಂಟಾರಿಯೊಗೆ ಬಂದಾಗ ನಮ್ಮೊಡನೆ ಒಂದು ಮಿಕ್ಸಿ ಮತ್ತು ಒಂದು ಗ್ರೈಂಡರ್ ಬಂದವು. ಗ್ರೈಂಡರಿನ ಕಲ್ಲುಗಳನ್ನು ಅಮ್ಮನ ಹಳೆಯ ಸೀರೆಗಳಲ್ಲಿ ಸುತ್ತಿ, ಪೆಟ್ಟಿಗೆಯ ಇಪ್ಪತ್ತಮೂರು ಕಿಲೋ ಮಿತಿಯಲ್ಲಿ ಅರ್ಧಕ್ಕೂ ಹೆಚ್ಚನ್ನು ಅದಕ್ಕೇ ಮೀಸಲಿಟ್ಟಿದ್ದೆವು. ಭಾರತದ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಜ್. ಕೆನಡಾದಲ್ಲಿ ಅದು 120 ವೋಲ್ಟ್, 60 ಹರ್ಟ್ಜ್. ವೋಲ್ಟೇಜಿನ ವ್ಯತ್ಯಾಸ ನಮಗೆ ತಿಳಿದಿತ್ತು. ಅದಕ್ಕೆಂದೇ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಒಂದನ್ನು ಕೊಂಡು ಅಡುಗೆಮನೆಯ ಮೂಲೆಯಲ್ಲಿ ಪ್ರತಿಷ್ಠಾಪಿಸಿದೆವು. ಹರ್ಟ್ಜ್ ಎಂಬ ಎರಡನೆಯ ಅಂಕಿಯನ್ನು ಮಾತ್ರ ಗಮನಿಸಲಿಲ್ಲ.

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಏರಿಸಬಲ್ಲುದೇ ಹೊರತು ಹರ್ಟ್ಜನ್ನು ಬದಲಿಸಲಾರದು. ಮಿಕ್ಸಿಯೊಳಗಿರುವ ಮೋಟಾರಿನ ವೇಗ ಹರ್ಟ್ಜ್‌ಗೆ ಕಟ್ಟುಬಿದ್ದದ್ದಲ್ಲ. ಹಾಗಾಗಿ ಅದು ತಕರಾರಿಲ್ಲದೆ ಚಟ್ನಿ ಅರೆಯಿತು. ಗ್ರೈಂಡರಿನ ಇಂಡಕ್ಷನ್ ಮೋಟಾರು ಹಾಗಲ್ಲ. ಐವತ್ತಕ್ಕೆ ಮಾಡಿದ್ದು ಅರವತ್ತಕ್ಕೆ ಸಿಕ್ಕಾಗ ಐದರಲ್ಲಿ ಒಂದು ಪಾಲು ಹೆಚ್ಚು ವೇಗವಾಗಿ ತಿರುಗುತ್ತದೆ. ಮೊದಲ ಬಾರಿ ಹಿಟ್ಟು ಬೆಚ್ಚಗಾಯಿತು. ಮೂರನೆಯ ಬಾರಿ ಮೋಟಾರಿನಿಂದ ಸುಟ್ಟ ವಾಸನೆ ಬಂದು, ಹೊಗೆಯೆದ್ದು, ಎಲ್ಲವೂ ಶಾಂತವಾಯಿತು. ಆ ಪಾತ್ರೆಯಲ್ಲಿ ಈಗ ನಮ್ಮ ತುಳಸಿಯಿದೆ.

ಇಂಥ ಪೇಚು ವಲಸಿಗರಾದ ನಮಗೆ ಮಾತ್ರ ಬಂದುದಲ್ಲ ಎಂಬುದನ್ನು ತಿಳಿದು ಅನಂತರ ಸ್ವಲ್ಪ ಸಮಾಧಾನವಾಯಿತು. ದಕ್ಷಿಣ ಒಂಟಾರಿಯೊದಲ್ಲಿ ಬಹುಕಾಲ 25 ಹರ್ಟ್ಜ್ ವಿದ್ಯುತ್ತೇ ಬಳಕೆಯಲ್ಲಿತ್ತು. 1949ರಿಂದ 1959ರವರೆಗೆ ಅದನ್ನು 60ಕ್ಕೆ ಬದಲಿಸುವಾಗ ಕೆಲಸಗಾರರು ಮನೆಮನೆಗೂ ಹೋಗಿ ಹಳೆಯ ಉಪಕರಣಗಳನ್ನು ಹೊಸ ವಿದ್ಯುತ್ತಿಗೆ ಹೊಂದಿಸಬೇಕಾಯಿತು. ಅಂದರೆ ಇಲ್ಲಿನವರು ಇದ್ದ ಮನೆಯಲ್ಲೇ ಇದ್ದುಕೊಂಡು ವಲಸೆ ಹೋದ ಅನುಭವವನ್ನು ಪಡೆದಿದ್ದರು.

ಎರಡನೆಯ ಪಾಠ ಕಳೆದ ಬೇಸಗೆಯದು. ಅಮ್ಮ ಆರು ತಿಂಗಳಿಗೆಂದು ಬಂದಿದ್ದರು. ಅವರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಊರಿನಿಂದ ತಂದ ಗ್ಲೂಕೋಮೀಟರು ಬ್ಯಾಟರಿಯದಾದ್ದರಿಂದ ವೋಲ್ಟೇಜಿನ ಗೊಡವೆಯಿರಲಿಲ್ಲ. ಆದರೆ ಅದರ ಪಟ್ಟಿಗಳು ಮುಗಿದವು. ಆ ಮಾದರಿಯವು ಇಲ್ಲಿ ಸಿಗಲಿಲ್ಲ. ನಾವು ಇಲ್ಲಿನದೊಂದು ಮೀಟರನ್ನು ತಂದುಕೊಟ್ಟು, ಬೆರಳಿಗೆ ಚುಚ್ಚುವ ಬಗೆಯನ್ನು ತೋರಿಸಿ, ಕರ್ತವ್ಯ ಮುಗಿಯಿತೆಂದುಕೊಂಡೆವು.

ಭಾರತದ ಮೀಟರು ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುತ್ತದೆ. ಕೆನಡಾದ್ದು ಲೀಟರಿಗೆ ಇಷ್ಟು ಮಿಲಿಮೋಲ್ ಎಂದು. ಇಲ್ಲಿನ ಅಂಕಿಯನ್ನು 18ರಿಂದ ಗುಣಿಸಿದರೆ ಅಲ್ಲಿನ ಅಂಕಿ ಸಿಗುತ್ತದೆ. ಆಸ್ಪತ್ರೆಯಲ್ಲಿ ಇದು ನಮಗೆ ಉಸಿರಾಟದಷ್ಟು ಸಹಜ. ಅಷ್ಟು ಸಹಜವಾದುದರಿಂದಲೇ ಮನೆಯಲ್ಲಿ ಹೇಳಬೇಕೆಂದು ಹೊಳೆಯಲಿಲ್ಲ.

ಅಂದು ಸಂಕಷ್ಟಿ. ಬೆಳಿಗ್ಗೆ ಮೀಟರು 4.1 ಎಂದು ತೋರಿಸಿತು. ನೂರಹತ್ತು, ನೂರಮೂವತ್ತು ಎಂಬ ಅಂಕಿಗಳಲ್ಲೇ ಬಾಳಿದ ಅಮ್ಮ, ಮಿಷನ್ನು ಕೆಟ್ಟಿದೆಯೆಂದು ಭಾವಿಸಿ ಅದನ್ನು ಪೆಟ್ಟಿಗೆಗೆ ಹಾಕಿ, ಎಂದಿನಂತೆ ಮಾತ್ರೆ ನುಂಗಿ, ಏನೂ ತಿನ್ನದೆ ಪೂಜೆಗೆ ಕುಳಿತರು. 4.1 ಎಂದರೆ ಅವರ ಲೆಕ್ಕದಲ್ಲಿ 74. ಉಪವಾಸದ ದಿನ ಆ ಮಾತ್ರೆಯನ್ನು ನುಂಗುವಂಥ ಅಂಕಿಯಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಆಸ್ಪತ್ರೆಯಲ್ಲಿದ್ದ ನಮಗೆ ಹನ್ನೆರಡು ವರ್ಷದ ಮಗಳ ಕರೆ ಬಂತು: "ಅಜ್ಜಿ ತುಂಬ ಬೆವರ್ತಿದಾರೆ. ನನ್ನನ್ನ ಅತ್ತೆ ಹೆಸರಿಂದ ಕರೀತಿದಾರೆ."

ಮೀಟರು ಹುಡುಕಿ ನೋಡಿಸಿದಾಗ 3.0. ಊರಿನ ಲೆಕ್ಕಕ್ಕೆ 54. ಅಜ್ಜಿಗೆ ನುಂಗಲು ಆಗುತ್ತಿದೆಯೇ ಎಂದು ಕೇಳಿ ಖಚಿತಪಡಿಸಿಕೊಂಡು, ಸಣ್ಣ ಲೋಟದಲ್ಲಿ ಕಿತ್ತಳೆ ರಸ ಕುಡಿಸಲು ಹೇಳಿದೆವು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಮತ್ತೊಂದು ಲೋಟ. ನುಂಗಲಾಗದಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ 911. ಎಷ್ಟೋ ಮನೆಗಳಿಗೆ ಈ ಮಾತನ್ನು ನಿರಾತಂಕವಾಗಿ ಹೇಳಿದ್ದೇವೆ. ಅಂದಿನ ಹದಿನೈದು ನಿಮಿಷಗಳನ್ನು ಮಾತ್ರ ಮರೆಯಲಾರೆವು. ಎರಡನೆಯ ಅಂಕಿ 4.6 ಬಂತು. ಬಳಿಕ ಅಮ್ಮನ ದನಿಯೂ ಬಂತು: "ಏನಪ್ಪಾ, ಮಗೂನ ಯಾಕೆ ಹೆದರಿಸಿದ್ರಿ? ಆ ಮಿಷನ್ನು ನೆಟ್ಟಗಿಲ್ಲ ಅಂತ ನಾನು ಬೆಳಿಗ್ಗೇನೆ ನೋಡಿದೀನಿ."

ಮಿಷನ್ನು ನೆಟ್ಟಗೇ ಇತ್ತು. ಅದು ಬೇರೆ ಭಾಷೆಯಲ್ಲಿ ಮಾತಾಡುತ್ತಿತ್ತು. ದುಭಾಷಿಗಳಾಗಬೇಕಿದ್ದ ನಾವು ಮನೆಯಲ್ಲಿರಲಿಲ್ಲ. ಗ್ರೈಂಡರು ಹೊಂದದೆ ಹೋದಾಗ ಹೊಗೆಯಾಡಿ ತಿಳಿಸಿತು. ಮೀಟರು ಹಸಿರು ದೀಪ ಹೊತ್ತಿಸಿ, ಸರಿಯಾದ ಅಂಕಿಯನ್ನೇ ತೋರಿಸಿ, ಮೌನವಾಗಿ ತಪ್ಪು ದಾರಿ ಹಿಡಿಸಿತು. ಸಂಜೆ ಮಗಳು ಒಂದು ರಟ್ಟಿನ ಮೇಲೆ ಎರಡು ಸಾಲು ಅಂಕಿಗಳನ್ನು ಕನ್ನಡದಲ್ಲಿ ಬರೆದು, ನಾಲ್ಕಕ್ಕಿಂತ ಕೆಳಗಿನದಕ್ಕೆ ಕೆಂಪು ಬಣ್ಣ ಬಳಿದು, ದೇವರ ಮನೆಯ ಬಾಗಿಲಿಗೆ ಅಂಟಿಸಿದಳು. ಅದು ಈಗಲೂ ಅಲ್ಲಿದೆ.

ಆದ್ದರಿಂದ, ಬಂಧುಗಳೇ, ಯಾವುದೇ ಉಪಕರಣವನ್ನು ಪೆಟ್ಟಿಗೆಗೆ ಹಾಕುವ ಮುನ್ನ ಅದರ ಹಿಂಬದಿಯ ಚೀಟಿಯನ್ನು ಓದಿರಿ. "100-240 ವೋಲ್ಟ್, 50/60 ಹರ್ಟ್ಜ್" ಎಂದಿದ್ದರೆ ಪ್ಲಗ್ಗಿನ ಆಕಾರವನ್ನು ಹೊಂದಿಸಿದರೆ ಸಾಕು. ಫೋನು, ಲ್ಯಾಪ್‌ಟಾಪುಗಳ ಚಾರ್ಜರುಗಳು ಸಾಮಾನ್ಯವಾಗಿ ಈ ಬಗೆಯವು. 230 ಎಂದಷ್ಟೇ ಇದ್ದರೆ, ಅದರಲ್ಲೂ ಮೋಟಾರಿನ ಭಾರಿ ವಸ್ತುವಾದರೆ, ಊರಿನಲ್ಲೇ ಬೇಕಾದವರಿಗೆ ಕೊಟ್ಟು ಬನ್ನಿರಿ. ಊರಿಗೆ ಮರಳುವವರಿಗೂ ಒಂದು ಮಾತು: ಇಲ್ಲಿನ 120 ವೋಲ್ಟಿನ ರೈಸ್ ಕುಕ್ಕರನ್ನು ಅಲ್ಲಿನ ಗೋಡೆಗೆ ನೇರವಾಗಿ ಸಿಕ್ಕಿಸಿದರೆ ಮೂರೂವರೆ ಪಟ್ಟಿಗೂ ಮೀರಿದ ಶಾಖ ಹುಟ್ಟಿ ಸುಟ್ಟುಹೋಗುತ್ತದೆ. ಪವರ್ ಬ್ಯಾಂಕುಗಳು ಕೈಚೀಲದಲ್ಲಿರಲಿ, ಸಾಮಾನಿನ ಪೆಟ್ಟಿಗೆಯಲ್ಲಲ್ಲ.

ಹಿರಿಯರ ಆರೋಗ್ಯದ ಉಪಕರಣವಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿರಿ. ಪಟ್ಟಿಗಳು ಇಲ್ಲಿ ದೊರೆಯುತ್ತವೆಯೇ, ಮೀಟರು ಯಾವ ಮಾನದಲ್ಲಿ ತೋರಿಸುತ್ತದೆ, ಉಪವಾಸದ ದಿನ ಮಾತ್ರೆಯನ್ನು ಏನು ಮಾಡಬೇಕು ಎಂಬುದನ್ನು ಅವರ ವೈದ್ಯರಲ್ಲಿ ಮೊದಲೇ ಕೇಳಿ, ಕನ್ನಡದಲ್ಲಿ ಬರೆದಿಡಿರಿ. ಮುಂದಿನ ಶಿಬಿರಕ್ಕೆ ಬರುವಾಗ ಮನೆಯ ಮೀಟರನ್ನೂ ಜೊತೆಗೆ ತನ್ನಿರಿ. ಎರಡು ಸಾಲಿನ ರಟ್ಟುಗಳನ್ನು ನಮ್ಮ ಮಗಳು ಈಗಾಗಲೇ ಬರೆಯತೊಡಗಿದ್ದಾಳೆ.