ಯಾವ ನೀರಿಗೆ ಯಾವ ಫಿಲ್ಟರು?

ನಮ್ಮ ಬಾಗಲಕೋಟೆ ಜಿಲ್ಲೆಗೆ ನದಿ ಮೂರು: ಕೃಷ್ಣಾ, ಘಟಪ್ರಭಾ, ಮಲಪ್ರಭಾ. ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನುಂಗಿ ಜನರನ್ನು ನವನಗರಕ್ಕೆ ಕಳಿಸಿತು. ಇಷ್ಟೆಲ್ಲ ನೀರು ಕಂಡವರಿಗೆ ಕುಡಿಯುವ ನೀರಿನ ಚಿಂತೆ ಇರಬಾರದಿತ್ತು. ಆದರೆ ಈಗ ಬೀಗರು ಬಂದು ಕೂತರೆ ಮಳೆ ಬೆಳೆ ಮಾತು ಹಿಂದೆ, "ನಿಮ್ಮನ್ಯಾಗ ಯಾವ ಫಿಲ್ಟರ್ ಐತ್ರಿ?" ಎಂಬುದು ಮುಂದೆ.

ಹಿಂದೆ ಫಿಲ್ಟರಿಗೆ ರೊಕ್ಕ ಇರಲಿಲ್ಲ. ಹಳೇ ಇಳಕಲ್ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಕಿದರೆ ಮುಗಿಯಿತು. ನಗಬೇಡಿ. ನಾರುಹುಣ್ಣಿನ ಹುಳ ಮನುಷ್ಯನ ಹೊಟ್ಟೆ ಸೇರುತ್ತಿದ್ದುದು ಮೆಟ್ಟಿಲುಬಾವಿಯ ನೀರಿನ ಸಣ್ಣ ಜೀವಿಗಳ ಮೂಲಕ. ಅವು ಅರಿವೆಯಲ್ಲಿ ಸಿಕ್ಕಿಬೀಳುತ್ತಿದ್ದವು. 2000ರಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತಲ್ಲ, ಅದರಲ್ಲಿ ಈ ಬಡ ಅರಿವೆಯ ಪಾಲೂ ಇದೆ. ವೈರಿ ಯಾರೆಂದು ಗೊತ್ತಿತ್ತು, ಅರಿವೆ ಸಾಕಾಯಿತು.

ಈಗಿನ ವೈರಿ ಕಣ್ಣಿಗೆ ಬೀಳುವುದಿಲ್ಲ. ಬೋರಿನ ನೀರು ತಾನು ಹಾದುಬಂದ ಕಲ್ಲಿನ ಗುಣ ಹೊತ್ತು ತರುತ್ತದೆ. ಸುಣ್ಣಕಲ್ಲಿನ ನೆಲದ ನೀರಾದರೆ ಬ್ಯಾಳಿ ಬೇಯುವುದಿಲ್ಲ, ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಹುನಗುಂದ, ಇಳಕಲ್ ಕಡೆ ದೇಶಕ್ಕೆಲ್ಲ ಹೋಗುವ ಕೆಂಪು ಗ್ರಾನೈಟು. ಅಂಥ ಕಲ್ಲಿನ ಖನಿಜಗಳಿಂದಲೇ ನೀರಿಗೆ ಫ್ಲೋರೈಡ್ ಇಳಿಯುವುದು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಚಲೋ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೀರು, ಇನ್ನೂ ಹೆಚ್ಚಾದರೆ ಎಲುಬು ಕೀಲುಗಳ ಬಿಗಿತ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ತಳದಲ್ಲೇ ಉಳಿಯುತ್ತದೆ.

ಈ ಭಯದ ಬೆನ್ನಿಗೇ ಬ್ಯಾಗು ಹೆಗಲಿಗೇರಿಸಿ ಮಾರುವವನು ಬರುತ್ತಾನೆ. ಇಳಕಲ್ಲಿನ ನಮ್ಮ ಕಾಕೂ ಮನೆಗೂ ಒಬ್ಬ ಬಂದಿದ್ದ. ಎರಡು ಗ್ಲಾಸಿಟ್ಟ: ಒಂದರಲ್ಲಿ ನಳದ ನೀರು, ಒಂದರಲ್ಲಿ ಅವನ ಆರ್‌ಓ ನೀರು. ಕರೆಂಟಿನ ಕಡ್ಡಿ ಅದ್ದಿದ. ನಳದ ನೀರು ನೋಡನೋಡುತ್ತಲೇ ಕೆಸರಾಯಿತು. "ಇದನ್ನ ಕುಡೀತೀರೇನ್ರಿ ಅಕ್ಕಾರ?" ಎಂದ. ಕಾಕೂ ಗಾಬರಿಯಾಗಲಿಲ್ಲ. "ತಮ್ಮಾ, ನಿನ್ನ ಗ್ಲಾಸಿಗೂ ಒಂದ್ ಚಿಟಿಕಿ ಉಪ್ಪು ಹಾಕಿ ತೋರಸಪಾ" ಎಂದಳು. ಉಪ್ಪು ಬಿದ್ದದ್ದೇ ಅವನ ಶುದ್ಧ ನೀರೂ ಕೆಸರಾಯಿತು! ಕೆಸರು ನೀರಿನದಲ್ಲ, ಕಡ್ಡಿಯ ಕಬ್ಬಿಣದ್ದು. ಲವಣವಿದ್ದರೆ ಕರೆಂಟು ಹರಿಯುತ್ತದೆ, ಕಬ್ಬಿಣ ಕರಗುತ್ತದೆ. ಅವನು ಚಹಾ ಕುಡಿದು ಹೋದ.

ಟಿಡಿಎಸ್ ಮೀಟರೂ ಅಷ್ಟೇ. ಕರಗಿದ ಲವಣ ಒಟ್ಟು ಎಷ್ಟೆಂದು ಅಂದಾಜು ಹೇಳುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ರೋಗಾಣು ಇವೆಯೇ ಎಂದು ಹೇಳುವುದಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಶುದ್ಧೀಕರಿಸಿದ ನದಿ ನೀರು ನಳದಲ್ಲಿ ಬರುವ ಮನೆಗೆ ಸಾಮಾನ್ಯವಾಗಿ ಚಿಂತೆ ರಾಡಿ, ರೋಗಾಣುಗಳದ್ದು. ಕ್ಯಾಂಡಲ್ ಜೊತೆ ಯುವಿ ಇದ್ದರೆ, ಇಲ್ಲವೇ ಸೋಸಿ ಕುದಿಸಿದರೆ ಸಾಕು. ಫ್ಲೋರೈಡ್ ಹೆಚ್ಚಿರುವ ಬೋರಿನ ನೀರಿಗೆ ಯುವಿ ದೀಪ ಹಚ್ಚಿ ಉಪಯೋಗವಿಲ್ಲ. ಆರ್‌ಓ ಬೇಕು, ಇಲ್ಲವೇ ಆ್ಯಕ್ಟಿವೇಟೆಡ್ ಅಲ್ಯುಮಿನಾ ತುಂಬಿದ ಫಿಲ್ಟರು. ಆರ್‌ಓ ಒಂದು ಕೊಡ ಕೊಡಬೇಕಾದರೆ ಎರಡು ಮೂರು ಕೊಡ ಹೊರಗೆ ಚೆಲ್ಲುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಓಣಿಯಲ್ಲಿ ಆ ನೀರನ್ನು ನೆಲ ಒರೆಸಲಿಕ್ಕಾದರೂ ಹಿಡಿದಿಡಬೇಕು. ಊರಿನ ಶುದ್ಧ ನೀರಿನ ಘಟಕ ನೆಟ್ಟಗೆ ನಡೆಯುತ್ತಿದ್ದರೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವುದೇ ಅಗ್ಗ.

ಅಂಗಡಿಗೆ ಹೋಗುವ ಮುಂಚೆ ಒಂದು ಬಾಟಲಿ ನೀರನ್ನು ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ಬನ್ನಿ. ವರದಿ ಕೈಯಲ್ಲಿದ್ದರೆ ಮಾರುವವನ ಮಾತು ತಾನೇ ಅರ್ಧವಾಗುತ್ತದೆ, ರೊಕ್ಕವೂ ಉಳಿದೀತು.